ಗೋಡೆಗೆ ಮುಖ ಮಾಡಿ ನಿಂತ ನಾಲ್ಕನೇ ತರಗತಿ

ನವಲಗುಂದದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಕಲಿಸುತ್ತಿದ್ದಾಗ ಹೊಸ ಹುಡುಗಿಯೊಬ್ಬಳು ಬಂದು ಸೇರಿದಳು. ಹೆಸರು ಹಚ್ಚಿಸಿದ ಮೇಲೂ ಅವಳ ತಾಯಿ ಹೊರಡದೆ ಬಾಗಿಲಲ್ಲೇ ನಿಂತರು. ಮಗಳು ಒಳಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು.

"ಅಕ್ಕೋರ, ಇಕಿಗೆ ಆಗಾಗ ಮೂರ್ಛಿ ಬರ್ತೈತ್ರಿ. ಗುಳಿಗಿ ನಡದಾವು. ಹಿಂದಿನ ಸಾಲ್ಯಾಗ ಬಿದ್ದಾಗ ಹುಡುಗ್ರು ನಕ್ಕಬಿಟ್ರು. ಆಮ್ಯಾಲೆ ಸಾಲೀನ ಒಲ್ಲೆ ಅಂದ್ಲು."

ಅಂದಿನಿಂದ ನನ್ನ ಕಣ್ಣು ಅವಳ ಮೇಲೇ ಇರುತ್ತಿತ್ತು. ಅವಳು ಸುಮ್ಮನೆ ಕಿಟಕಿಯಾಚೆ ದಿಟ್ಟಿಸಿದರೂ ಸೀಮೆಸುಣ್ಣ ಹಿಡಿದ ಕೈ ನಿಲ್ಲುತ್ತಿತ್ತು. ಬಿದ್ದರೆ ಏನು ಮಾಡಬೇಕೆಂದು ಆಸ್ಪತ್ರೆಯ ನರ್ಸ್ ಒಬ್ಬರಿಂದ ಕಲಿತುಕೊಂಡೆ. ಆದರೆ ನಾನು ಇಲ್ಲದಾಗ ಬಿದ್ದರೆ? ಒಬ್ಬರಿಗೊಬ್ಬರು ಆಗಬೇಕು ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಆದರೆ ಹೇಗೆ ಆಗಬೇಕು ಎಂಬುದನ್ನು ಯಾರೂ ಹೇಳಿಕೊಡದೆ ಅವರಿಗಾದರೂ ಹೇಗೆ ತಿಳಿದೀತು?

ತಾಯಿ, ಮಗಳು ಇಬ್ಬರನ್ನೂ ಕೇಳಿ, ಅವರು ಹೂಂ ಅಂದ ಮೇಲೆ, ಒಂದು ಬೆಳಿಗ್ಗೆ ತರಗತಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇದು ಅಂಟುವ ಬೇನೆಯಲ್ಲ. ಮಗ್ಗುಲಿಗೆ ಹೊರಳಿಸಬೇಕು, ತಲೆಯಡಿ ಮೆತ್ತಗಿನದೇನಾದರೂ ಇಡಬೇಕು, ಬಾಯಲ್ಲಿ ಏನೂ ಹಾಕಬಾರದು, ಒಬ್ಬರು ನನ್ನನ್ನು ಕರೆಯಲು ಓಡಬೇಕು. ನಾನೇ ನೆಲದ ಮೇಲೆ ಮಲಗಿದೆ, ಅವರು ನನ್ನನ್ನು ಹೊರಳಿಸಿದರು. ನಗುವೋ ನಗು. ಹೊಸ ಹುಡುಗಿಯೂ ನಕ್ಕಳು. ನನಗೆ ಮಾತ್ರ ಇನ್ನಷ್ಟು ದಿಗಿಲು. ಇದನ್ನೊಂದು ಆಟ ಅಂದುಕೊಂಡುಬಿಟ್ಟರೆ?

ಮರುದಿನ ಅವಳ ಬಾಜು ಕೂರುವ ಹುಡುಗಿಯ ತಂದೆ ಬಂದು, ಮಗಳನ್ನು ಬೇರೆ ಕಡೆ ಕೂರಿಸಿ ಎಂದರು.

"ನಮ್ಮ ಹುಡುಗಿ ಅಂಜಿ ಜ್ವರ ಹಿಡದ್ರ ಯಾರ್ರಿ ಜವಾಬ್ದಾರಿ?"

ನನಗೂ ಅಂಜಿಕೆಯೇ ಎಂದು ಅವರೆದುರು ಹೇಳುವುದು ಹೇಗೆ? ಮಗಳನ್ನೇ ಕೇಳಿ ನೋಡಿ ಎಂದೆ. ಅವಳು ಕೂತಲ್ಲಿಂದ ಕದಲಲಿಲ್ಲ. ತಂದೆ ಸಿಟ್ಟಿನಲ್ಲೇ ಹೊರಟುಹೋದರು.

ಹತ್ತಿ ಬಿಡಿಸುವ ಕಾಲ. ಒಂದು ಮಧ್ಯಾಹ್ನ ಹೆಡ್‌ಮಾಸ್ತರರ ಕೋಣೆಯಲ್ಲಿದ್ದಾಗ ನನ್ನ ತರಗತಿಯ ಗದ್ದಲ ಒಮ್ಮೆಲೇ ನಿಂತುಹೋಯಿತು. ಓಡಿದೆ. ಕರೆಯಲು ಬಂದ ಹುಡುಗಿ ಅರ್ಧ ದಾರಿಯಲ್ಲೇ ಎದುರಾದಳು.

ಒಳಗೆ ಹೊಸ ಹುಡುಗಿ ಮಗ್ಗುಲಾಗಿ ಮಲಗಿದ್ದಳು. ತಲೆಯಡಿ ಯಾರದೋ ಸ್ವೆಟರ್. ಬಾಜುವಿನವಳು ಅವಳ ಲಂಗ ಸರಿಮಾಡಿ, ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ಉಳಿದವರೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದರು. ಸೆಳೆತ ಆಗಲೇ ಇಳಿಯುತ್ತಿತ್ತು.

ಗೋಡೆಗೆ ತಿರುಗಿ ನಿಲ್ಲುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾಕೆ ಎಂದು ಪಿಸುಮಾತಿನಲ್ಲಿ ಕೇಳಿದೆ.

"ಎದ್ದ ಕೂಡಲೆ ಎಲ್ಲಾರೂ ನೋಡಾಕತ್ತಿದ್ರ ಅಕಿಗೆ ನಾಚಿಕಿ ಆಗತೈತ್ರಿ," ಎಂದಳು ಬಾಜುವಿನವಳು.

ತಾಯಿ ಹೊಲದಿಂದ ಓಡಿಬಂದು ಮಗಳನ್ನು ಕರೆದೊಯ್ದರು. ಡಾಕ್ಟರು ಗುಳಿಗೆ ಬದಲಿಸಿದರಂತೆ. ಅವಳು ಇನ್ನು ಬರುವುದಿಲ್ಲವೇನೋ ಎಂದು ನಾನು ದಿನವೂ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಸೋಮವಾರ ತಡವಾಗಿ ಬಂದಳು. ಯಾರೂ ಏನೂ ಕೇಳಲಿಲ್ಲ, ಬಾಜುವಿನವಳು ಸರಿದು ಜಾಗ ಕೊಟ್ಟಳು. ನಾನು ಹಾಜರಿ ಕೂಗಿದೆ. ಅವಳ ಹೆಸರಿಗೆ ಬಂದಾಗ ನಾನೂ ತಲೆಯೆತ್ತಿ ನೋಡದೆ, ಉಳಿದವರ ಹೆಸರಿನಂತೆಯೇ ಕೂಗಿದೆ.