ಅತ್ತೆಯ ಮೊರ ಮತ್ತು ಮಂಗಳಾಳ ಪ್ರಾಕ್ಸಿ

ಬೆಳಿಗ್ಗೆ ಹತ್ತು ಗಂಟೆಯಿಂದ ಒಂದು ರಟ್ಟಿನ ಡಬ್ಬ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತಿದೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಗೆ ಬಂದದ್ದು. ತಂದವನು ಮೆಟ್ಟಿಲು ಹತ್ತಲಾರದೆ ನನ್ನ ಕೈಗಿಟ್ಟು ಹೋದ. ನಾನು ಅಲ್ಲಾಡಿಸಿ ನೋಡಿದೆ, ಸದ್ದಿಲ್ಲ. ಮೂಸಿ ನೋಡಿದೆ, ಅಂಟುಪಟ್ಟಿಯ ವಾಸನೆ ಬಿಟ್ಟರೆ ಏನೂ ಇಲ್ಲ. ಚಪ್ಪಲಿ ಇರಬೇಕು ಅಂದುಕೊಂಡೆ. ಆಮೇಲೆ ಚಪ್ಪಲಿಯಾದರೆ ಒಂದಕ್ಕೊಂದು ಬಡಿಯಬೇಕಿತ್ತಲ್ಲ ಅನ್ನಿಸಿತು. ಈಗ ಮಧ್ಯಾಹ್ನ ಎರಡು ಗಂಟೆ. ಒಳಗೇನಿದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಆದ್ದರಿಂದ ಡಬ್ಬ ಇನ್ನೂ ಮೇಲಕ್ಕೆ ಹೋಗಿಲ್ಲ.

ನಗಬೇಡಿ. ಅಥವಾ ನಗಿ, ನನಗೇನು. ಇದೇ ರೋಗವನ್ನು ನಾನು ಒಮ್ಮೆ ಕಂಪ್ಯೂಟರಿನಲ್ಲಿ ಕಂಡುಹಿಡಿದಿದ್ದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡನ್ನು ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ದೊಮ್ಮಲೂರು ದಾಟಿರುತ್ತದೆ. ಆದರೂ ಇದು ಸುಳ್ಳಲ್ಲ.

ನಮ್ಮ ಮನೆಯ ಕೆಳಗೆ ಒಂದು ಮಳಿಗೆಯಿದೆ. ಮೊದಲು ಅದು ದನದ ಕೊಟ್ಟಿಗೆ. ದನ ಹೋದವು, ಸೊಪ್ಪು ಬೆಳೆಯುತ್ತಿದ್ದ ಹೊಲ ಹೋಯಿತು, ಹೊಲದ ಮೇಲೆ ರಸ್ತೆ ಬಂತು, ಆ ರಸ್ತೆಯ ತಲೆಯ ಮೇಲೆ ಇನ್ನೊಂದು ರಸ್ತೆ ಬಂತು. ಕೊಟ್ಟಿಗೆಗೆ ಶಟರ್ ಹಾಕಿಸಿದೆವು. ಎರಡು ಮೂರು ಜನ ಬಂದು ಹೋದ ಮೇಲೆ ಮಂಗಳಾ ಬಂದಳು. ಗದಗದ ಕಡೆಯವಳು. ಇಂದಿರಾನಗರದಲ್ಲಿ ಯಾವುದೋ ಆಫೀಸಿನಲ್ಲಿ ಟೈಪು ಮಾಡಿಕೊಂಡಿದ್ದವಳು, ಅದನ್ನು ಬಿಟ್ಟು ಬ್ರೌಸಿಂಗ್ ಸೆಂಟರ್ ಇಡುತ್ತೇನೆಂದಳು. ಅದೇನೆಂದು ಕೇಳಿದೆ. "ಜನಾ ಬಂದು ಕಂಪ್ಯೂಟರ್ ಮುಂದ ಕುಂದ್ರತಾರ್ರೀ ಅಮ್ಮಾರ" ಎಂದಳು. ಕೂರುವುದಕ್ಕೂ ಅಂಗಡಿಯೇ ಎಂದು ಬಾಡಿಗೆಗೆ ಕೊಟ್ಟೆ.

ಎಂಟು ಕಂಪ್ಯೂಟರು. ಏಳರಲ್ಲಿ ಜನ ಕೂರುತ್ತಿದ್ದರು. ಎಂಟನೆಯದು ಮೂಲೆಯಲ್ಲಿ ಬಾಗಿಲಿಲ್ಲದ ಬೀರುವಿನಂತೆ ನಿಂತಿರುತ್ತಿತ್ತು. ಇಂಟರ್ನೆಟ್ಟಿನಿಂದ ಏನೇ ಬರಬೇಕಾದರೂ ಮೊದಲು ಆ ಮೂಲೆಯದಕ್ಕೆ ಬರಬೇಕು, ಅದು ಉಳಿದ ಏಳಕ್ಕೆ ಹಂಚಬೇಕು. ಪ್ರಾಕ್ಸಿ ಅಂತ ಅದಕ್ಕೆ ಹೆಸರು. ಅದರ ಪಕ್ಕದಲ್ಲೇ ಫ್ಯಾನು ಇದ್ದದ್ದರಿಂದ ನನ್ನ ಸ್ಟೂಲೂ ಅಲ್ಲೇ. ಮನೆಯಲ್ಲಿ ಬೈಯಲು ಯಾರೂ ಉಳಿದಿರಲಿಲ್ಲ. ಅಲ್ಲಾದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲೇಜು ಮಕ್ಕಳು, ಬೈಯಿಸಿಕೊಂಡೂ ನಗುತ್ತಿದ್ದರು.

ಮಂಗಳಾಗೆ ಒಬ್ಬ ಅಣ್ಣ, ಊರಿನಲ್ಲಿ ಗೊಬ್ಬರದ ಅಂಗಡಿಯವನು. "ಒಂದು ವರ್ಷ ನೋಡು. ಅಂಗಡಿ ನಡೀಲಿಲ್ಲ ಅಂದ್ರ ಬಾಯಿ ಮುಚ್ಚಿಕೊಂಡು ಬಂದು ನಮ್ಮಂಗಡ್ಯಾಗ ಕುಂದರಬೇಕು" ಎಂದು ಹೇಳಿ ಕಳಿಸಿದ್ದನಂತೆ. ಆ ವರ್ಷ ಮುಗಿಯುತ್ತ ಬಂದಿತ್ತು. ಶನಿವಾರ ಬರುತ್ತೇನೆ, ಗಂಟು ಕಟ್ಟಿಟ್ಟಿರು ಎಂದು ಫೋನು ಮಾಡಿದ. ಅದೇ ಶನಿವಾರ ಯಾವುದೋ ದೊಡ್ಡ ಪರೀಕ್ಷೆಯ ಹಾಲ್ ಟಿಕೆಟ್ಟು ಇಂಟರ್ನೆಟ್ಟಿನಲ್ಲಿ ಬಿಡುವವರಿದ್ದರು. ಅವತ್ತು ಅಂಗಡಿ ತುಂಬಿದ್ದನ್ನು ಅಣ್ಣ ಕಣ್ಣಾರೆ ಕಂಡರೆ ಸರಿ ಹೋಗುತ್ತದೆ ಎಂದು ಮಂಗಳಾ ಕಾದಿದ್ದಳು. ಆ ಪರೀಕ್ಷೆಯವರ ಪುಟ ಹಳೆಯ ಬ್ರೌಸರಿನಲ್ಲಿ ತೆರೆಯುವುದಿಲ್ಲವೆಂದು ಏಳೂ ಕಂಪ್ಯೂಟರಿಗೆ ಹೊಸ ಬ್ರೌಸರು ಹಾಕಿದಳು. ಇಂಟರ್ನೆಟ್ಟಿನ ಪುಟ ತೋರಿಸುವ ಕಿಟಕಿ ಅದು. ಹಳೆಯ ಕಿಟಕಿ ತೆಗೆದು ಹೊಸದು ಕೂರಿಸಿದಳೆಂದು ಇಟ್ಟುಕೊಳ್ಳಿ.

ಅಲ್ಲಿಂದ ಶುರುವಾಯಿತು. ಪುಟ ಬರುತ್ತದೆ, ಫೋಟೋ ಬರುತ್ತದೆ. ದೊಡ್ಡ ಫೈಲು ಇಳಿಸಿಕೊಳ್ಳೋಣವೆಂದು ಒತ್ತಿದರೆ ಒಂದು ಚೌಕ ತೆರೆದು ಸೊನ್ನೆಯಲ್ಲೇ ಕೂರುತ್ತದೆ. ಸ್ವಲ್ಪ ಹೊತ್ತು ಕೂತು, ಆಗಲಿಲ್ಲ ಎಂದು ಮುಚ್ಚಿಕೊಳ್ಳುತ್ತದೆ. ಹಾಲ್ ಟಿಕೆಟ್ಟೂ ಹಾಗೇ ದೊಡ್ಡದಂತೆ. ಫೋಟೋ, ಹತ್ತಾರು ಪುಟದ ಸೂಚನೆ, ಎಲ್ಲ ಸೇರಿ ಒಂದೇ ಫೈಲು. ಮೂಲೆಯ ಕಂಪ್ಯೂಟರಿನ ಮುಂದೆಯೇ ಕೂತು ಇಳಿಸಿದರೆ ಸಲೀಸಾಗಿ ಬರುತ್ತಿತ್ತು. ಆದರೆ ಅದರ ಮೇಲೆ ಯಾರಾದರೂ ಕೂತರೆ ಉಳಿದ ಏಳೂ ಉಸಿರು ಕಟ್ಟಿ ನಿಂತುಬಿಡುತ್ತಿದ್ದವು.

ಮಂಗಳಾ ವೈರು ಕಿತ್ತು ಒರೆಸಿ ಹಾಕಿದಳು. ಟೆಲಿಫೋನಿನವನು ಬಂದು ಕಂಬ ನೋಡಿ, ಅಳಿಲು ಎಂದು ಹೇಳಿ ಹೋದ. ಯಾವ ಅಳಿಲು, ಎಲ್ಲಿ ಕಚ್ಚಿತು ಎಂದು ಹೇಳಲಿಲ್ಲ. ಎದುರುಗಡೆ ಹೊಸದಾಗಿ ಎ.ಸಿ. ಹಾಕಿದ ಇನ್ನೊಂದು ಸೆಂಟರ್ ಬಂದಿತ್ತು. ನಮ್ಮ ಮಕ್ಕಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ನನಗೆ ಹೊಟ್ಟೆ ಉರಿಯಿತು. ಯೋಚನೆ ಮಾಡಿ, ತಪ್ಪು ನನ್ನ ನೀರಿನ ಮೋಟರಿನದೇ ಎಂದು ತೀರ್ಮಾನಿಸಿದೆ. ಮೋಟರ್ ಹಾಕಿದರೆ ದೀಪ ಮಂಕಾಗುತ್ತಿತ್ತಲ್ಲ, ಫೈಲಿಗೂ ಕರೆಂಟು ಸಾಲುತ್ತಿಲ್ಲ ಎಂದುಕೊಂಡೆ. ಯಾರಿಗೂ ಹೇಳದೆ ಎರಡು ದಿನ ಮೋಟರ್ ಹಾಕಲೇ ಇಲ್ಲ. ಎರಡನೆಯ ದಿನ ಆಗ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಗಂಡಸು ಮುಖಕ್ಕೆಲ್ಲ ಸೋಪು ಹಚ್ಚಿಕೊಂಡೇ ಮೆಟ್ಟಿಲಿಳಿದು ಬಂದ.

"ಏನಮ್ಮಾ, ನೀರು?"

"ಫೈಲು ಬರ್ತಿಲ್ಲ ಕಣಪ್ಪ. ಬರೋವರ್ಗೂ ತಡ್ಕೋ."

"ಯಾವ ಫೈಲು? ನನ್ ಕಣ್ಣುರಿ!"

"ಕಣ್ಣು ಮುಚ್ಕೋ ಮತ್ತೆ."

ಅವನು ಖಾಲಿ ಮಾಡುತ್ತೇನೆಂದು ಕೂಗಾಡಿದ ಮೇಲೆ ಮೋಟರ್ ಹಾಕಿದೆ. ಫೈಲಂತೂ ಮೊದಲೂ ಬರುತ್ತಿರಲಿಲ್ಲ, ಈಗಲೂ ಬರಲಿಲ್ಲ. ಮೋಟರಿನದು ತಪ್ಪಿಲ್ಲ ಎಂದಾದರೂ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ನಾನು, ಮಂಗಳಾ, ಫ್ಯಾನು. ಮಂಗಳಾ ಮೂರನೆಯ ಕಂಪ್ಯೂಟರಿನಲ್ಲಿ ಒಂದೇ ಫೈಲನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಅತ್ತಿದ್ದಳೆಂದು ಕಾಣುತ್ತದೆ, ಮೂಗು ಕೆಂಪಾಗಿತ್ತು. ನಾನು ಸಮಾಧಾನ ಹೇಳಲಿಲ್ಲ. ನನಗೆ ಅದು ಬರುವುದಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕೂತೆ. ಆಗ ಕಿವಿಗೆ ಬಿತ್ತು: ಅವಳು ಒತ್ತಿದ ಕೂಡಲೇ ನನ್ನ ಪಕ್ಕದ ಪ್ರಾಕ್ಸಿ ಗರಗರ ಎನ್ನತೊಡಗುತ್ತದೆ. ಅಲ್ಲಿ ಅವಳು "ಹೋತು ನೋಡ್ರಿ ಮತ್ತ" ಎನ್ನುತ್ತಾಳೆ. ಇಲ್ಲಿ ಇದು ನಿಲ್ಲಿಸುವುದೇ ಇಲ್ಲ. ಇನ್ನಷ್ಟು ಹೊತ್ತು ರುಬ್ಬಿ, ಆಮೇಲೆ ತೃಪ್ತಿಯಾದಂತೆ ಸುಮ್ಮನಾಗುತ್ತದೆ.

ಆ ಸದ್ದು ನನಗೆ ಗೊತ್ತಿದ್ದದ್ದೇ. ಅದು ನಮ್ಮ ಅತ್ತೆ.

ನಮ್ಮ ಅತ್ತೆಯ ವಿಷಯ ಹೇಳದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಆಗ ನಮ್ಮವರು ಹೊಲದ ದಂಟು, ಸಬ್ಬಸಿಗೆ ಎಲ್ಲ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಗೆ ಹೋಗಿ ಮಾರಿ, ಬರುವಾಗ ಮನೆಗೆ ಬೇಕಾದ ತರಕಾರಿ, ಮಾಂಸ, ಹಣ್ಣು ತರುತ್ತಿದ್ದರು. ಆ ಚೀಲ ನೇರವಾಗಿ ಅಡಿಗೆಮನೆಗೆ ಬರುವ ಹಾಗಿರಲಿಲ್ಲ. ಜಗಲಿಯ ಮೇಲೆ ಅತ್ತೆ ಮೊರ ಹಿಡಿದು ಕೂತಿರುತ್ತಿದ್ದರು. ಚೀಲ ಅಲ್ಲಿ ಸುರಿಯಬೇಕು. ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ, ತೊಟ್ಟು ಎತ್ತಿ, ಹುಳ ಉಂಟೋ ನೋಡಿ, ಕಡೆಯ ಮೆಣಸಿನಕಾಯಿಯವರೆಗೂ ಎಲ್ಲ ಪಾಸಾದ ಮೇಲೆಯೇ ಮೊರ ಒಳಕ್ಕೆ ಬರುತ್ತಿತ್ತು. ನಡುವೆ ಕೇಳಿದರೆ ಉತ್ತರವಿಲ್ಲ. ಬರುತ್ತದೋ ಇಲ್ಲವೋ, ಎಷ್ಟು ಹೊತ್ತಿಗೆ ಬರುತ್ತದೆ, ಒಂದು ಮಾತಿಲ್ಲ. ನಾನು ಒಲೆ ಹಚ್ಚಿಕೊಂಡು ಕಾಯುತ್ತಿದ್ದೆ. ಸೌದೆ ಉರಿದು ಬೂದಿಯಾದರೂ ಕಾಯುತ್ತಿದ್ದೆ. ಒಳ್ಳೆಯ ಸೊಸೆ ಎಂದು ಹೆಸರು ಬಂತು. ದಡ್ಡಿಯಾಗಿದ್ದೆ, ಅಷ್ಟೆ.

ಆಮೇಲೆ ಹಲಸೂರಿನಿಂದ ನನ್ನ ವಾರಗಿತ್ತಿ ಜಯಮ್ಮ ಬಂದಳು. ಹತ್ತನೆಯ ಕ್ಲಾಸು ಓದಿದವಳು. ಮೊದಲ ದಿನ ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತು ಜಗಲಿಯ ಕಡೆ ನೋಡಿದಳು. ಏನೂ ಬರಲಿಲ್ಲ. ಒಲೆಗೆ ನೀರು ಚಿಮುಕಿಸಿ ಆರಿಸಿ, "ಅಕ್ಕಾ, ಇವತ್ತು ಸಾರಿಲ್ಲ" ಎಂದು ಹೇಳಿ ಚಾಪೆ ಹಾಸಿ ಮಲಗಿದಳು. ಅತ್ತೆ ಗೆದ್ದವರಂತೆ ಮೊರ ಎತ್ತಿಕೊಂಡು ಒಳಗೆ ಬಂದಾಗ ಒಲೆ ತಣ್ಣಗಿತ್ತು. ಅವತ್ತು ಮನೆಮಂದಿಯೆಲ್ಲ ಮುದ್ದೆಗೆ ಮಜ್ಜಿಗೆ ಕಲಸಿಕೊಂಡು ತಿಂದೆವು. ಅತ್ತೆ ಇನ್ನೂ ಹೇಳುತ್ತಲೇ ಇದ್ದರು, ಒಂದು ಕಾಯಿಯಲ್ಲೂ ಹುಳ ಇರಲಿಲ್ಲ ಎಂದು.

ಜಯಮ್ಮ ಈಗ ರಾಮಮೂರ್ತಿ ನಗರದಲ್ಲಿದ್ದಾಳೆ. ಬದಲಾಗಿಲ್ಲ. ಫೋನು ಮೂರು ಸಲ ಹೊಡೆದುಕೊಳ್ಳುವಷ್ಟರಲ್ಲಿ ನಾನು ಎತ್ತದಿದ್ದರೆ ಇಟ್ಟುಬಿಡುತ್ತಾಳೆ. ನಾನು ಮಂಡಿ ಹಿಡಿದುಕೊಂಡು ಎದ್ದು ಹೋಗುವಷ್ಟರಲ್ಲಿ ನಿಂತಿರುತ್ತದೆ. ಅದಿರಲಿ.

"ಮಂಗಳಾ" ಎಂದೆ, "ಅಲ್ಲಿ ಹೋಯ್ತು ಅಂತೀಯಲ್ಲ, ಇದ್ಯಾಕೆ ಇನ್ನೂ ರುಬ್ತಾ ಐತೆ?"

"ಅದು ಚೆಕ್ ಮಾಡ್ತೈತ್ರಿ. ಫೈಲಿನ್ಯಾಗ ವೈರಸ್ ಐತೇನಂತ. ಪೂರ್ತಿ ತರಿಸ್ಕೊಂಡು, ಎಲ್ಲಾ ನೋಡಿ, ಆಮ್ಯಾಲೆ ಈ ಕಡೆ ಕೊಡ್ತೈತಿ."

"ನೋಡೋವರ್ಗೂ ಈ ಕಡೆಗೆ ಏನಾದ್ರೂ ಹೇಳುತ್ತಾ? ತಾಳು, ಬರ್ತಾ ಐತೆ ಅಂತ?"

"ಇಲ್ರೀ, ಏನೂ ಹೇಳಾಂಗಿಲ್ಲ" ಎಂದು ಮಂಗಳಾ ನನ್ನ ಕಡೆ ತಿರುಗಿದಳು.

"ನಿನ್ ಹಳೇ ಬ್ರೌಸರು ನನ್ನಂಥ ಸೊಸೆ ಕಣೇ. ಸುಮ್ನೆ ಕಾಯ್ತಿತ್ತು. ಹೊಸದು ಜಯಮ್ಮ. ಒಲೆ ಆರಿಸಿ ಮಲಗಿಬಿಟ್ಟೈತೆ. ಪ್ರಾಕ್ಸಿ ಮೊರ ತಗೊಂಡು ಬಂದಾಗ ಈಸ್ಕೊಳೋಕೆ ಯಾರವ್ರೆ?"

"ಯಾವ ಜಯಮ್ಮ್ರೀ?" ಎಂದಳು. ಎಲ್ಲ ಹೇಳಬೇಕಾಯಿತು. ಬದನೆಕಾಯಿಯ ಕಡೆಗೆ ಬರುವಷ್ಟರಲ್ಲಿ ಅವಳು ಎದ್ದು ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಹಂಗಾರ ಜಯಮ್ಮಗ ಕಾಯೋದು ಹೆಂಗ ಕಲಿಸಿದ್ರಿ?"

"ಯಾರು ಕಲಿಸ್ತಾರೆ ಅವಳಿಗೆ! ಅವಳೇ ಅತ್ತೆಗೆ ಕಲಿಸಿದ್ಲು. ಮೊರ ತುಂಬೋವರ್ಗೂ ಕಾಯಬೇಡಿ ಅತ್ತೆ, ನೋಡಿದ್ದು ನೋಡಿದ್ದನ್ನ ಒಂದೊಂದೇ ಒಳಕ್ಕೆ ಕೊಡಿ, ನಾನು ಹೆಚ್ತಾ ಇರ್ತೀನಿ ಅಂದ್ಲು. ಕೈಗೆ ಒಂದು ಬದನೆಕಾಯಿ ಬಿದ್ರೆ ಸಾಕು, ಜಯಮ್ಮ ಒಲೆ ಆರಿಸ್ತಿರಲಿಲ್ಲ."

ಮಂಗಳಾ ಆ ತಪಾಸಣೆಯ ಪ್ರೋಗ್ರಾಮಿನೊಳಗೆ ಹೊಕ್ಕು ಹುಡುಕಿದಳು. ನಾನು ಎರಡು ಸಲ ಟೀ ಕಾಯಿಸಿದೆ. ಎರಡನೆಯ ಟೀ ಆರುವ ಹೊತ್ತಿಗೆ ಅವಳು ಕಿರುಚಿದಳು. ಇತ್ತಂತೆ! ತಪಾಸಣೆ ನಡೆಯುತ್ತಿರುವಾಗಲೇ ಫೈಲನ್ನು ಸ್ವಲ್ಪ ಸ್ವಲ್ಪವಾಗಿ ದಾಟಿಸುತ್ತಿರು ಎಂದು ಹೇಳುವ ಒಂದು ಚೌಕ. ಅದರಲ್ಲಿ ಗುರುತು ಹಾಕಿದಳು. ಮೂರನೆಯ ಕಂಪ್ಯೂಟರಿಗೆ ಓಡಿದಳು. ಒತ್ತಿದಳು. ಸೊನ್ನೆ ಹೋಗಿ ಒಂದು ಬಂತು, ನಾಲ್ಕು ಬಂತು. ನಾವಿಬ್ಬರೂ ಹಾಲು ಉಕ್ಕುವುದನ್ನು ಕಾಯುವವರಂತೆ ಬಗ್ಗಿ ನೋಡುತ್ತಿದ್ದೆವು. ಪೂರ್ತಿ ಇಳಿಯಿತು.

"ನಡುವೆ ಹುಳ ಸಿಕ್ಕಿದ್ರೆ?" ಎಂದು ಕೇಳಿದೆ. ನನಗೆ ಅದೇ ಚಿಂತೆ.

"ಕಡೀ ತುಂಡು ಕೊಡಾಂಗಿಲ್ರೀ. ಅದಿಲ್ಲದ ಫೈಲು ತೆರೆಯಾಂಗಿಲ್ಲ."

ಇಷ್ಟು ಬುದ್ಧಿ ನಮ್ಮ ಅತ್ತೆಗೂ ಇರಲಿಲ್ಲ.

ಶನಿವಾರ ಅಣ್ಣ ಬಂದ. ದೊಡ್ಡ ಮೀಸೆ, ಕೈಯಲ್ಲಿ ಖಾಲಿ ಚೀಲ, ತಂಗಿಯ ಸಾಮಾನು ತುಂಬಿಕೊಳ್ಳಲು. ಹಾಲ್ ಟಿಕೆಟ್ಟು ಬಿಡುವುದು ಹನ್ನೊಂದಕ್ಕೆ, ಅವನು ಬಂದದ್ದು ಹತ್ತೂವರೆಗೆ. ಅಂಗಡಿಯಲ್ಲಿ ಆಗ ಒಂದು ನೊಣವೂ ಇರಲಿಲ್ಲ. ಇವನು ಈಗ ಒಳಗೆ ಹೋದರೆ ಕೆಲಸ ಕೆಟ್ಟಿತು ಎಂದು ನಾನು ಜಗಲಿಯ ಮೇಲೆ ಅಡ್ಡ ಕೂತೆ.

"ಬಾಪ್ಪಾ. ಕೂತ್ಕೋ. ಮಜ್ಜಿಗೆ ಕುಡಿ."

"ಬ್ಯಾಡ್ರೀ, ಅವಸರ ಐತಿ. ಮಂಗಳಾ..."

"ಮಂಗಳಾ ಎಲ್ಲಿ ಓಡೋಗ್ತಾಳೆ? ಎಷ್ಟು ಮಕ್ಕಳು ನಿನಗೆ?"

ಎರಡೆಂದ. ಹೆಸರು ಕೇಳಿದೆ. ಯಾವ ಕ್ಲಾಸು ಕೇಳಿದೆ. ಗೊಬ್ಬರದ ವಾಸನೆ ಬಟ್ಟೆಗೆ ಹತ್ತುವುದಿಲ್ಲವೇ, ಹೆಂಡತಿ ಏನೂ ಅನ್ನುವುದಿಲ್ಲವೇ ಎಂದು ಕೇಳಿದೆ. ತಿರುಗಿಸಿ, ತೊಟ್ಟು ಎತ್ತಿ, ಎಲ್ಲ ನೋಡಿದೆ. ನಮ್ಮ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಆದರೆ ಅವತ್ತು ಅವರ ಕೈಗುಣ ಪೂರ್ತಿ ನನ್ನಲ್ಲಿತ್ತು. ಒಬ್ಬನನ್ನು ಮುಕ್ಕಾಲು ಗಂಟೆ ಜಗಲಿಯ ಮೇಲೆ ತಡೆದೆ. ಅಷ್ಟರಲ್ಲಿ ಮಕ್ಕಳು ಬರತೊಡಗಿದರು. ಎದುರಿನ ಎ.ಸಿ. ಅಂಗಡಿ ತುಂಬಿ ಉಳಿದವರೆಲ್ಲ ಈ ಕಡೆ ನುಗ್ಗಿದರು. ಸಾಲು ನಮ್ಮ ಗೇಟು ದಾಟಿತು. ಒಬ್ಬಳು ಹುಡುಗಿ ಬಿಸಿ ಬಿಸಿ ಕಾಗದವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದಳು. ಅಣ್ಣ ಕತ್ತು ಚಾಚಿ ನೋಡುತ್ತಿದ್ದ.

ಒಳಗಿನಿಂದ ಮಂಗಳಾ ತಲೆ ಹೊರಹಾಕಿ, "ಅಣ್ಣಾ, ಬಂದಿ? ಆ ಕಾಗದದ ಕಟ್ಟು ಎತ್ತಿಕೊಂಡು ಬಾ ಲಗೂನ" ಎಂದಳು. ಅವನು ಎತ್ತಿಕೊಂಡು ಹೋದ. ಸಂಜೆಯವರೆಗೂ ಹೊರಗೆ ಬರಲಿಲ್ಲ. ಸಾಲಿನಲ್ಲಿ ನುಗ್ಗುವವರನ್ನು ಗೊಬ್ಬರದ ಅಂಗಡಿಯ ಗಂಟಲಿನಲ್ಲಿ ಗದರಿಸುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಊರಿಗೆ ಹೊರಟಾಗ ಚೀಲ ಖಾಲಿಯಾಗಿಯೇ ಇತ್ತು.

"ಗಂಟು ಮರೆತ್ಯೇನಪ್ಪಾ?" ಎಂದೆ.

"ಇರ್ಲಿ ಬಿಡ್ರೀ, ಆಕಿಗೆ ಇಲ್ಲೇ ಕೆಲಸ ಭಾಳ ಐತಿ" ಎಂದು ಚೀಲ ಮಡಿಸಿ ಕಂಕುಳಿಗಿಟ್ಟುಕೊಂಡ.

ಮಂಗಳಾ ಇನ್ನೂ ಆರು ವರ್ಷ ಅಂಗಡಿ ನಡೆಸಿದಳು. ಜನರ ಕೈಗೆಲ್ಲ ಫೋನು ಬಂದ ಮೇಲೆ ಮುಚ್ಚಿ, ಈಗ ಕೆ.ಆರ್. ಪುರದಲ್ಲಿ ಹೆಂಗಸರಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಪ್ರಾಕ್ಸಿಯ ಪಾಠ ಬಂದಾಗ ನಮ್ಮ ಅತ್ತೆಯ ಕಥೆ ಹೇಳುತ್ತಾಳಂತೆ. ಹೇಳಲಿ.

ಇಷ್ಟು ಹೇಳಿ ಪಕ್ಕಕ್ಕೆ ನೋಡಿದರೆ ಡಬ್ಬ. ಬೆಳಿಗ್ಗೆಯಿಂದ ಜಗಲಿಯ ಮೇಲೆ. ಮೊರವೊಂದಿಲ್ಲ, ಅಷ್ಟೆ. ನನಗೆ ನನ್ನ ಮೇಲೇ ಸಿಟ್ಟು ಬಂತು. ಮೆಟ್ಟಿಲ ಕೆಳಗೆ ನಿಂತು ಕೂಗಿದೆ. ಹುಡುಗಿ ಇಳಿದು ಬಂದಳು. ಮನೆಯಲ್ಲೇ ಇದ್ದಳು!

"ನಿನ್ನದೇನೋ ಬಂದೈತೆ, ತಗೋ."

"ಗೊತ್ತಜ್ಜಿ, ಬೆಳಿಗ್ಗೆನೇ ಫೋನಿಗೆ ಮೆಸೇಜ್ ಬಂತು. ನೀವು ನೋಡಿ ಆದ್ಮೇಲೆ ಕೊಡ್ತೀರಲ್ಲ ಅಂತ ಕಾಯ್ತಾ ಇದ್ದೆ."

ಎಷ್ಟು ಸಾಧು ಮುಖ! ಒಲೆ ಹಚ್ಚಿಕೊಂಡು ಕಾಯುವ ಮುಖ. ನನಗೆ ಮೈಯೆಲ್ಲ ಉರಿಯಿತು.

"ಕಾಯ್ತಿದ್ಯಾ? ಯಾಕೆ ಕಾಯ್ತೀಯೇ? ಇಳಿದು ಬಂದು ನನ್ ಕೈಯಿಂದ ಕಿತ್ಕೊಂಡು ಹೋಗೋಕೆ ಏನಾಗಿತ್ತು ನಿನಗೆ?"

ಹುಡುಗಿ ಹೆದರಿ ಡಬ್ಬ ಎದೆಗವಚಿಕೊಂಡು ಮೇಲಕ್ಕೆ ಓಡಿದಳು. ಒಳಗೆ ಏನಿತ್ತೆಂದು ಕೇಳುವುದನ್ನೇ ಮರೆತೆ.