ಕೆಲಸದವಳ ಪಾರ್ಟು

ಸಿಂಗಾಪುರ ಲೇಔಟಿನ ನಮ್ಮ ಮನೆಯ ಮಹಡಿಯನ್ನ ಒಂದು ಸೀರಿಯಲ್‌ನವರು ಶೂಟಿಂಗಿಗೆ ಬಾಡಿಗೆಗೆ ಹಿಡಿದಿದ್ದರು. ಹೈಸ್ಕೂಲ್ ಹುಡುಗಿಯರ ಕತೆಯಂತೆ. ಹೈಸ್ಕೂಲಂತೆ, ಹೈಸ್ಕೂಲು! ಹತ್ತನೇ ಕ್ಲಾಸಿನ ನಾಯಕಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿದ್ದಾಳು, ಅಷ್ಟೇ. ಯೂನಿಫಾರ್ಮಿಗೆ ಹೈಹೀಲ್ಸು, ಸ್ಕೂಲ್ ಬ್ಯಾಗಿನೊಳಗೆ ಥರ್ಮಾಕೋಲು. ಕತೆಯೋ, ಒಬ್ಬಳು ಲೀಡರು, ಹಿಂದೆ ಒಂದಷ್ಟು ಬಾಲಗಳು. ಯಾರು ಗ್ಯಾಂಗಲ್ಲಿರಬೇಕು, ಯಾರು ಒಬ್ಬಳೇ ಕೂತು ಊಟ ಮಾಡಬೇಕು ಅಂತ ತೀರ್ಮಾನಿಸೋದು ಲೀಡರು. ಪಾಠ ಮಾಡೋ ಮೇಷ್ಟ್ರು ಒಬ್ಬರೂ ಇಲ್ಲ. ಥೂ, ಇದನ್ನೂ ಜನ ಕೂತು ನೋಡ್ತಾರಲ್ಲ ಅನ್ನಿಸ್ತಿತ್ತು.

ನೋಡೋರು ನನ್ನ ಮನೇಲೇ ಇದ್ದರು. ಹತ್ತನೇ ಕ್ಲಾಸಿನ ನನ್ನ ಮಗಳು. ಅವಳ ಸ್ಕೂಲಲ್ಲೂ ಇದೇ ಥರದ್ದೊಂದು ಗ್ಯಾಂಗು ಹುಟ್ಟಿಕೊಂಡಿತ್ತು. ಕೂದಲು ಒಂದು ಕಡೆಗೆ ಎಸೆಯೋದು, ಹುಬ್ಬು ಹಾರಿಸೋದು, "ನಮ್ ಲೆವೆಲ್ ಅಲ್ಲ ಬಿಡು ಮಚ್ಚಾ" ಅನ್ನೋದು, ಎಲ್ಲ ಸೀರಿಯಲ್ಲಿನ ಎಂಜಲು. ಇವಳನ್ನ ಅವರು ಹತ್ತಿರ ಸೇರಿಸ್ತಿರಲಿಲ್ಲ. ಶೂಟಿಂಗ್ ಮನೆ ಇವಳದೇ ಅಂತ ಗೊತ್ತಾಗಿದ್ದೇ ತಡ, ಶನಿವಾರ ಬರ್ತೀವಿ ಅಂದರು. ಅವತ್ತು ಮೆಚ್ಚಿಕೊಂಡರೆ ಇವಳು ಗ್ಯಾಂಗಿನೊಳಗೆ, ಇಲ್ಲದಿದ್ದರೆ ಮತ್ತೆ ಒಬ್ಬಳೇ ಡಬ್ಬಿ ಬಿಚ್ಚಬೇಕು. ಮಗಳಿಗೆ ಆ ವಾರವೆಲ್ಲ ಊಟವೇ ಸೇರಲಿಲ್ಲ.

ಶನಿವಾರ ನಾಲ್ವರು ಬಂದರು. ನಮ್ಮತ್ತೆ ಎಂದಿನಂತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎತ್ತಿ ಸಿಕ್ಕಿಸಿದ ಸೀರೆ, ಬರಿಗಾಲು. ಈ ಲೇಔಟೆಲ್ಲ ರಾಗಿ ಹೊಲವಾಗಿದ್ದಾಗ ಇಲ್ಲಿ ಕಳೆ ಕಿತ್ತ ಕೈ ಅದು.

"ಯಾರೇ ಇದು?" ಅಂದಳು ಗ್ಯಾಂಗಿನ ಲೀಡರು, ಮೂಗು ಮುರಿದು.

ನನ್ನ ಮಗಳು ಕಣ್ಣು ಮಿಟುಕಿಸದೆ, "ಸೀರಿಯಲ್‌ನವ್ರು ಕಣೇ. ಕೆಲಸದವಳ ಪಾರ್ಟು," ಅಂದಳು.

ಬಾಗಿಲಲ್ಲೇ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯ್ತು. ಮಹಡಿ ಮೇಲೆ ನಾಯಕಿ ಒಂದು ಸುಳ್ಳು ಹೇಳೋ ಸೀನಿಗೆ ಬೆಳಗ್ಗೆಯಿಂದ ಟೇಕ್ ಮೇಲೆ ಟೇಕ್ ತಗೊಳ್ತಿದ್ದಳು. ಇವಳದು ಒಂದೇ ಟೇಕಿಗೆ ಓಕೆ.

ಆ ದಡ್ಡಿಯರು ನಂಬಿದರು! ಅತ್ತೆಯ ಅಕ್ಕಪಕ್ಕ ಕೂತು, ತುಟಿ ಚೂಪು ಮಾಡಿಕೊಂಡು ಸೆಲ್ಫಿ ತೆಗೆದರು. "ಆಂಟಿ, ಮೇಕಪ್ ಸೂಪರ್, ಒರಿಜಿನಲ್ ಥರಾನೇ ಇದೆ," ಅಂದಳೊಬ್ಬಳು. ಅತ್ತೆಗೆ ಕಿವಿ ಚೆನ್ನಾಗೇ ಕೇಳುತ್ತೆ. ಮೊಮ್ಮಗಳ ಮುಖ ಒಂದು ಸಲ ನೋಡಿದರು. "ಊಂ ಕಣವ್ವ, ಇಂಗೇ ಇರು ಅಂದವ್ರೆ," ಅಂದು ಎಲೆ ಬಾಯಿಗಿಟ್ಟುಕೊಂಡರು.

ನಮ್ಮನೆಗೆ ಬಂದ ಹೆಣ್ಣುಮಕ್ಕಳು ಕುಂಕುಮ ಇಡಿಸಿಕೊಳ್ಳದೆ ಹೊರಡೋ ಹಾಗಿಲ್ಲ. ಇಡೋದು ಯಾವಾಗಲೂ ಅತ್ತೆಯೇ. ಅವತ್ತು ಅವರು ಎದ್ದು ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತು ನನಗೆ ಹೇಳಿದರು: "ಅಮ್ಮಾವ್ರೇ, ಮಕ್ಳು ಒಂಟವ್ರೆ. ಕುಂಕುಮ ಕೊಡಿ."

ಮದುವೆಯಾಗಿ ಬಂದಾಗಿನಿಂದ ನನ್ನನ್ನ ಮಗಳನ್ನ ಕರೆಯೋ ಹಾಗೆ "ಅಮ್ಮಿ" ಅಂತ ಕರೆದವರು. ತಟ್ಟೆ ತಂದು ಅವರ ಕೈಗೇ ಕೊಟ್ಟೆ. "ಅತ್ತೆ, ಈ ಮನೆಯ ಹಿರಿಮುತ್ತೈದೆ ನೀವು. ನೀವೇ ಇಡಿ." ಬೇಕಂತಲೇ ಜೋರಾಗಿ ಹೇಳಿದೆ.

ಹುಡುಗಿಯರ ಮೊಬೈಲುಗಳು ಕೆಳಗಿಳಿದವು. ಅತ್ತೆ ಒಬ್ಬೊಬ್ಬಳ ಹಣೆಗೂ ಕುಂಕುಮ ಇಟ್ಟು, ಬಂದವರನ್ನೆಲ್ಲ ಕೇಳೋ ಹಾಗೇ ಕೇಳಿದರು, "ಯಾರ ಮನೆ ಮಗ್ಳವ್ವ ನೀನು?" ಒಬ್ಬೊಬ್ಬರೂ ತಲೆ ತಗ್ಗಿಸಿ ಅಪ್ಪನ ಹೆಸರು ಹೇಳಿ, ಮೆಟ್ಟಿಲಿಳಿದು ನಿಂತು ನೋಡತೊಡಗಿದರು. ಕೊನೆಗೆ ಉಳಿದವಳು ನನ್ನ ಮಗಳು. ಅತ್ತೆ ಅವಳ ಹಣೆಗೂ ಬೆರಳಿಟ್ಟರು. ಅಷ್ಟೇ ಮೆತ್ತಗೆ ಕೇಳಿದರು.

"ನೀನ್ಯಾರ ಮನೆ ಮಗ್ಳವ್ವ?"