ಫ್ಲೆಕ್ಸಿನಲ್ಲಿ ತೀರಿಕೊಂಡ ಮೇಡಮ್ಮೋರು

ಬೆಳಿಗ್ಗೆ ದೇವರ ಗೂಡಿಗೆ ದೀಪ ಹಚ್ಚಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟಾದ ಮೇಲೆ ಸಿದ್ದಲಿಂಗಮ್ಮ ಮೇಡಮ್ಮೋರು ಸೀಮೆಸುಣ್ಣದ ತುಂಡು ಹಿಡಿದು ಗೋಡೆಯ ಕಡೆ ತಿರುಗುತ್ತಾರೆ. ಜಗುಲಿಯ ಪಕ್ಕ ಮೊಳದಗಲ ಕಪ್ಪು ಬಣ್ಣ ಬಳಿಸಿದ್ದಾರೆ. ಅದರ ಮೇಲೆ ಅಂದಿನ ವಾರ, ತಾರೀಕು, ತಿಥಿ ಬರೆಯಬೇಕು. ಕಾಫಿ ಏನಿದ್ದರೂ ಆಮೇಲೆ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಜ್ವರ ಬಂದ ದಿನವೂ, ಮಗಳ ಮದುವೆಯ ದಿನವೂ ಇದು ತಪ್ಪಿಲ್ಲ. ಡೇರಿಗೆ ಹಾಲು ಹಾಕಲು ಹೋಗುವವರ ಜೇಬಿನಲ್ಲೆಲ್ಲ ಮೊಬೈಲು ಇದೆ. ಆದರೂ ಆ ಗೋಡೆ ನೋಡಿಯೇ ಮುಂದೆ ಹೋಗುತ್ತಾರೆ. ಮೊಬೈಲು ಹೇಳಿದ ತಾರೀಕನ್ನು ಮೇಡಮ್ಮೋರು ಒಪ್ಪಿದ್ದಾರೋ ಇಲ್ಲವೋ ತಿಳಿಯಬೇಕಲ್ಲ.

ಆ ಸೋಮವಾರವೂ ಅವರು ಎಂದಿನಂತೆ ಬರೆದು, ಕೈಗಂಟಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. ತಾವು ತೀರಿಕೊಂಡು ಆಗಲೇ ಒಂದು ರಾತ್ರಿ ಕಳೆದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮೊದಲು ಹೇಳಿದವಳು ಮಗಳು ಪವಿತ್ರ. ಅವಳು ಪಾಂಡವಪುರದ ಒಂದು ಆಸ್ಪತ್ರೆಯಲ್ಲಿ ನರ್ಸು.

“ಅವ್ವ... ಅವ್ವ, ನೀನೇನಾ?”

“ನಾನಲ್ದೆ ಇನ್ಯಾರು ಎತ್ತಾರು ನನ್ ಫೋನ? ಯಾಕವ್ವ ಇಂಗೆ ಅರಚ್ಕೊಂತೀಯ?”

“ನೀನು ಸತ್ತೋಗಿದ್ದೀಯಂತೆ ಕಣವ್ವ!”

“ಯಾವಾಗ?”

“ನೆನ್ನೆ ಸಾಯಂಕಾಲ.”

ಮೇಡಮ್ಮೋರು ಯೋಚಿಸಿದರು. “ನೆನ್ನೆ ಸಾಯಂಕಾಲ ಹುಣಿಸೆಹಣ್ಣು ಕುಟ್ತಾ ಕೂತಿದ್ದೆ. ಬೆನ್ನು ನೋವು ಬಂತು, ನಿಜ. ಇನ್ನೇನೂ ಬರ್ನಿಲ್ಲ.”

ಪವಿತ್ರ ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. ಮೊಬೈಲಿನಲ್ಲಿ ಓಂ ಶಾಂತಿಯ ಮಳೆ ಸುರಿದಿದೆಯಂತೆ. ಆಸ್ಪತ್ರೆಯಲ್ಲಿ ಅವಳು ಕೇಳುವ ಮೊದಲೇ ರಜೆ ಕೊಟ್ಟುಬಿಟ್ಟಿದ್ದಾರಂತೆ.

“ನಾನು ಬದುಕಿರುವಾಗ ಸಾವಿನ ರಜ ತಗಬಾರ್ದು. ಡ್ಯೂಟಿಗೆ ಓಗು.”

“ಓಯ್ತೀನಿ. ಸಾವಿರಾರು ಮಕ್ಕಳ ಮಹಾತಾಯಿ ಅಂತ ಬರ್ದವ್ರೆ ಕಣವ್ವ ನಿನ್ನ. ಅದ್ರಲ್ಲಿ ನನ್ ಪಾಲಿಗೆ ಎಷ್ಟು ಬಂತು ಅಂತ ಮಾತ್ರ ಯಾರೂ ಕೇಳ್ನಿಲ್ಲ.”

ಮೇಡಮ್ಮೋರು ಸೆರಗಿಗಂಟಿದ ಸುಣ್ಣ ಕೊಡವಿದರು. “ಭಾನುವಾರ ಬಾ,” ಎಂದರು ಕೊನೆಗೆ. “ಒಬ್ಬಟ್ಟು ಮಾಡ್ತೀನಿ.”

ಪವಿತ್ರ ಹೇಳಿದ್ದು ಸುಳ್ಳಲ್ಲ. ನಾಗಮಂಗಲದ ಕಡೆಯಿಂದ ಸೊಸೆಯಾಗಿ ಬಂದ ಸಿದ್ದಲಿಂಗಮ್ಮನಿಗೆ, ಗೋವಿಂದನಹಳ್ಳಿಗೆ ಹೋಗುವ ದಾರಿಯ ಈ ಊರಿನ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಮಗು ಇನ್ನೂ ಸೊಂಟದ ಮೇಲಿತ್ತು. ಗಂಡ ದ್ಯಾವಯ್ಯ ಬೇಗ ಹೋಗಿಬಿಟ್ಟರು. ಮಗು ಮೇಜಿನ ಕೆಳಗೆ ಗೋಣಿಚೀಲದ ಮೇಲೆ ಮಲಗಿ ಬೆಳೆಯಿತು. ಶಾಲೆಯಲ್ಲಿ ಅದು ಅವ್ವ ಅನ್ನುವಂತಿಲ್ಲ, ಮಿಸ್ ಅನ್ನಬೇಕು. ರೂಢಿಯಾಗಿ, ಮನೆಯಲ್ಲೂ ಒಂದು ದಿನ “ಮಿಸ್, ಹಸಿವಾಯ್ತದೆ” ಅಂದಿತಂತೆ. ಅವತ್ತು ಮೇಡಮ್ಮೋರು ಮುದ್ದೆ ತಿರುವುವ ಕೋಲು ಹಿಡಿದುಕೊಂಡೇ ಅತ್ತರು.

ಅವರು ಮಕ್ಕಳಿಗೆ ಹೊಡೆದವರಲ್ಲ. ಅವರ ಹತ್ತಿರ ಕೋಲಿಗಿಂತ ಗಟ್ಟಿಯಾದದ್ದೊಂದಿತ್ತು, ಕರಿಹಲಗೆಯ ಎಡಮೂಲೆ. ಯಾವ ಮಗುವಾದರೂ “ನಾಳೆ ಮಾಡ್ತೀನಿ ಮಿಸ್” ಅಂದರೆ, ಆ ಮಾತನ್ನು ತನ್ನ ಕೈಯಾರೆ ಎಡಮೂಲೆಯಲ್ಲಿ ಬರೆದು ಕೆಳಗೆ ಹೆಸರು ಹಾಕಬೇಕು. ಮಾಡಿ ತೋರಿಸುವ ತನಕ ಅದನ್ನು ಯಾರೂ ಒರೆಸುವಂತಿಲ್ಲ. ತಪಾಸಣೆಗೆ ಸಾಹೇಬರು ಬಂದರೂ ಅಷ್ಟೇ, ಅವರೂ ಓದಿಕೊಂಡು ಹೋಗಲಿ. “ನಾಳೆಯಿಂದ ಅಳುವುದಿಲ್ಲ, ಪವಿತ್ರ” ಎಂದು ಮಗಳ ಹೆಸರೂ ಅಲ್ಲಿತ್ತು. ಆದರೆ ಎಲ್ಲರಿಗಿಂತ ಹೆಚ್ಚು ಕಾಲ ಅಲ್ಲಿ ಉಳಿದದ್ದು “ನಾಳೆ ಹದಿನೇಳರ ಮಗ್ಗಿ ಒಪ್ಪಿಸುತ್ತೇನೆ, ನಿಂಗರಾಜು” ಎಂಬ ಮಾತು. ದಸರಾ ರಜೆ ಮುಗಿದು ಬಂದರೂ ಅದು ಅಲ್ಲೇ ಇತ್ತು.

ಆ ನಿಂಗರಾಜು ಈಗ ಲೀಡರು. ಮುಂದಿನ ಚುನಾವಣೆಗೆ ಟಿಕೆಟ್ಟಿನ ಆಸೆ ಇದೆ. ಶಾಲೆಯ ಒಂದನೇ ತರಗತಿಯ ಕೋಣೆ ಸೋರುತ್ತದೆ, ಹೆಂಚು ಒಡೆದಿದೆ, ತೀರಿನ ಮರವನ್ನು ಹುಳ ತಿಂದಿದೆ. ಪ್ರತಿ ಆಗಸ್ಟ್ ಹದಿನೈದಕ್ಕೂ ನಿಂಗರಾಜು ಬಾವುಟ ಹಾರಿಸಿ, ತಲೆಯೆತ್ತಿ ಆ ಚಾವಣಿ ನೋಡಿ, “ಮಾಡ್ಸಣ ಮೇಡಂ” ಎಂದು ಲಡ್ಡು ತಿಂದು ಹೋಗುತ್ತಾನೆ. ಈ ಮಳೆಗಾಲಕ್ಕೂ ಸೋರಿದರೆ ಕೋಣೆಗೆ ಬೀಗ, ಮಕ್ಕಳು ನಾಲೆ ಏರಿಯ ಮೇಲೆ ನಡೆದು ಪಕ್ಕದ ಊರಿನ ಶಾಲೆಗೆ ಹೋಗಬೇಕು ಎಂದು ಮೇಲಿನವರು ಹೇಳಿ ಹೋಗಿದ್ದರು. ನಾಲೆಯಲ್ಲಿ ನೀರು ಬಿಟ್ಟಾಗ ಆ ಏರಿಯ ಮೇಲೆ ಎಮ್ಮೆಯೂ ಅಂಜಿ ನಡೆಯುತ್ತದೆ. ಮೇಡಮ್ಮೋರ ನಿದ್ದೆ ಕೆಡಿಸಿದ್ದು ಅದೊಂದೇ. ದಿನಾ ದೀಪದ ಮುಂದೆ ಬೇಡುತ್ತಿದ್ದುದೂ ಅದನ್ನೇ. ದೇವರು ಇಂಥ ದಾರಿಯಲ್ಲಿ ಕಿವಿಗೊಡುತ್ತಾನೆ ಎಂದು ಅವರು ಎಣಿಸಿರಲಿಲ್ಲ.

ನಡೆದದ್ದು ಇಷ್ಟು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಬಳಗದಲ್ಲಿ ಯಾರೋ ಮೇಡಮ್ಮೋರ ಹಳೆಯ ಕಪ್ಪುಬಿಳುಪು ಫೋಟೋ ಹಾಕಿ, “ಇವತ್ಯಾಕೋ ಮೇಡಂ ನೆನಪಾದರು” ಎಂದು ಬರೆದಿದ್ದರು. ಕಪ್ಪುಬಿಳುಪು ಫೋಟೋ, ಜೊತೆಗೆ ನೆನಪು. ಎರಡನೆಯವರು ಓಂ ಶಾಂತಿ ಅಂದರು. ಮೂರನೆಯವರು ಎರಡನೆಯದನ್ನು ಮಾತ್ರ ಓದಿದರು. ಆಮೇಲೆ ಕೈಮುಗಿದವರೇ ಕೈಮುಗಿದವರು. ಅವರ ಏಟೇ ನನ್ನನ್ನು ಈ ಮಟ್ಟಕ್ಕೆ ತಂದಿತು ಎಂದೊಬ್ಬ ಬರೆದ. ಯಾವ ಏಟು, ಯಾವ ಮಟ್ಟ ಎಂದು ಹೇಳಲಿಲ್ಲ. ಮಾತೃಹೃದಯ, ಅಕ್ಷರದಾತೆ, ತುಂಬಲಾರದ ನಷ್ಟ, ಎಲ್ಲವೂ ಬಂದವು. ಊರಿಗೆ ಒಂದು ಫೋನು ಮಾತ್ರ ಬರಲಿಲ್ಲ.

ಮಧ್ಯಾಹ್ನಕ್ಕೆ ಚಿಕ್ಕಯ್ಯ ಬಂದ. ಅವನೂ ಅವರ ಶಿಷ್ಯನೇ, ಈಗ ಗಂಜಾಂನಲ್ಲಿ ಅಂಗಡಿ ಇಟ್ಟಿದ್ದಾನೆ. ಕೈಯಲ್ಲಿ ತೊಡೆಗಾತ್ರದ ಸುಗಂಧರಾಜದ ಹಾರ. ಜಗುಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದ ಮೇಡಮ್ಮೋರನ್ನು ಕಂಡು ಹಾರವನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಅದು ಎರಡೂ ಕಡೆ ಇಣುಕಿತು.

“ಬೆಳಿಗ್ಗೇನೇ ಕಾವೇರೀಲಿ ಮುಳುಗೆದ್ದು ಬಂದೆ ಮೇಡಂ... ತಮ್ಮ ಹೆಸ್ರಲ್ಲಿ.”

“ನಿಮಿಷಾಂಬ ತಾಯಿ ಮುಂದಿನ ನೀರಲ್ವೇನಪ್ಪ, ಪುಣ್ಯ ಎಲ್ಲೂ ಓಗಲ್ಲ. ನೆಗಡಿಗಿಗಡಿ ಆಗಿಲ್ಲ ತಾನೆ?” ಎಂದು ಮೇಡಮ್ಮೋರು ಹಾರ ತೆಗೆದುಕೊಂಡು ದೇವರ ಗೂಡಿಗೆ ಹಾಕಿ, ಅವನಿಗೆ ಕಾಫಿ ಕೊಟ್ಟರು.

ಕಾಫಿ ಮುಗಿಯುವ ಮೊದಲೇ ಪಕ್ಕದ ಮನೆಯ ಕುಳ್ಳಯ್ಯ ಕೆ.ಆರ್. ಪೇಟೆಯಿಂದ ಬಸ್ಸಿಳಿದು ಓಡೋಡಿ ಬಂದ.

“ಮೇಡಮ್ಮೋರೆ, ಇಲ್ಲಿ ಕೂತಿದ್ದೀರಲ್ಲ! ಪೇಟೆ ಸರ್ಕಲ್‌ನಲ್ಲಿ ನೀವು ಬಸ್ಸಿನಷ್ಟಗಲ ಸತ್ತಿದ್ದೀರಿ. ನಮ್ ನಿಂಗರಾಜಣ್ಣ ಆಕ್ಸಿರೋ ಫ್ಲೆಕ್ಸು. ಓದ್ದೋನ್ ಒಬ್ಬ, ಪಾಪ, ಮಣ್ಣು ಎಲ್ಲಂತೆ ಅಂತ ಕೇಳ್ದ. ಇವತ್ತು ಬೆಳಿಗ್ಗೆ ಗೋಡೆ ಮ್ಯಾಲೆ ತಾರೀಕು ಬರ್ದವ್ರೆ ಕಣ್ಲಾ ನಮ್ ಮೇಡಮ್ಮೋರು, ಸತ್ತಿದ್ರೆ ಬರೆಯೋರಾ ಅಂದೆ. ನಂಬ್ನಿಲ್ಲ. ಫ್ಲೆಕ್ಸಲ್ಲೇ ಐತೆ ಅಂದ.”

“ಫ್ಲೆಕ್ಸಲ್ಲಿ ಇನ್ನೇನೈತೆ?”

“ಶಾಲೆ ಚಾವಣಿದೂ ಏನೋ ಐತೆ.”

ಮೇಡಮ್ಮೋರು ಎದ್ದು ಸೀರೆ ಬದಲಾಯಿಸಿ, ಕುಳ್ಳಯ್ಯನ ಜೊತೆ ಪೇಟೆಯ ಬಸ್ಸು ಹತ್ತಿದರು.

ಸರ್ಕಲ್ಲಿನಲ್ಲಿ ಅವರನ್ನು ಯಾರೂ ಗುರುತು ಹಿಡಿಯಲಿಲ್ಲ. ಫೋಟೋದಲ್ಲಿದ್ದವಳು ಮೂವತ್ತರ ಹೆಂಗಸು. ಅದೂ ಅಂಗೈಯಗಲ. ಪಕ್ಕದಲ್ಲಿ ಕೈಮುಗಿದು ನಿಂತ ನಿಂಗರಾಜು ಮಾತ್ರ ಆಳೆತ್ತರ ಇದ್ದ. ಕೆಳಗೆ ಅವನ ಹಿಂಬಾಲಕರ ಮುಖಗಳು ಹಪ್ಪಳ ಒಣಗಲು ಹಾಕಿದಂತೆ ಸಾಲಾಗಿದ್ದವು. “ಮತ್ತೆ ಹುಟ್ಟಿ ಬಾ ತಾಯಿ” ಎಂದು ಕೆಂಪಕ್ಷರ. ಎಡಮೂಲೆಯಲ್ಲಿ, ಹಳದಿಯಲ್ಲಿ: “ಇವರ ಸವಿನೆನಪಿಗಾಗಿ ಈ ಮಳೆಗಾಲದೊಳಗೆ ಶಾಲೆಗೆ ಹೊಸ ಚಾವಣಿ. ಇಂತಿ, ಕೊಡುಗೈ ದಾನಿ ನಿಂಗರಾಜು.”

ಮೇಡಮ್ಮೋರು ಅದನ್ನು ಎರಡು ಸಲ ಓದಿದರು.

ಅಲ್ಲೇ ನಿಂಗರಾಜು ಫ್ಲೆಕ್ಸಿಗೆ ಬೆನ್ನು ಮಾಡಿ, ಮುಖ ಸಣ್ಣದು ಮಾಡಿಕೊಂಡು ಸೆಲ್ಫಿ ತೆಗೆಯುತ್ತಿದ್ದ. ಪರದೆಯಲ್ಲಿ ಫ್ಲೆಕ್ಸಿನ ಮೇಡಂ ಜೊತೆಗೆ ಇನ್ನೊಬ್ಬ ಮೇಡಂ ಕಂಡು ಫೋನು ಕೈಯಿಂದ ಜಾರಿತು.

“ಮೇ... ಮೇಡಂ! ತಾವು ತೀರ್ಕಂಡಿದ್ದೀರಿ ಅಂತ...”

“ಫೋನ್ ಮಾಡಿ ಕೇಳ್ಬೋದಿತ್ತಲ್ವೇನ್ಲಾ?”

“ಸತ್ತೋರಿಗೆ ಎಂಗ್ ಫೋನ್ ಮಾಡದು ಮೇಡಂ?”

ಕುಳ್ಳಯ್ಯ ಬಾಯಿಗೆ ಟವಲ್ಲು ಒತ್ತಿಕೊಂಡ. ಅಷ್ಟರಲ್ಲಿ ನಿಂಗರಾಜು ಲೀಡರಾದ. ಕಾಲಿಗೆ ಬಿದ್ದ, ದೇವರು ದೊಡ್ಡವನು ಅಂದ, ನೆರೆದವರ ಕಡೆ ತಿರುಗಿ, ಬದುಕಿ ಬಂದ ಗುರುಮಾತೆಗೆ ಭಾರೀ ಸನ್ಮಾನ ಎಂದು ಸಾರಿದ. ಶಾಲು, ಹಣ್ಣಿನ ಬುಟ್ಟಿ, ಪೇಟ.

“ಚಾವಣಿ?” ಎಂದರು ಮೇಡಮ್ಮೋರು.

“ಅದು... ಸವಿನೆನಪಿಗೆ ಅಂತ ಇತ್ತಲ್ವ ಮೇಡಂ. ತಾವೇ ಇರುವಾಗ ನೆನಪು ಅಂತ ಎಂಗ್ ಮಾಡ್ಸದು? ಜನ ಏನಂದಾರು? ನೋಡಣ, ಮುಂದೆ ದೇವರು ನಡೆಸ್ದಂಗೆ...” ಮುಂದೆ ಎಂದರೆ ಯಾವಾಗ ಎಂಬುದು ಮೇಡಮ್ಮೋರಿಗೆ ಅರ್ಥವಾಯಿತು. ಬದುಕಿ ಬಂದು ಮಕ್ಕಳಿಗೆ ನಷ್ಟ ಮಾಡಿದೆನಲ್ಲ ಎಂದು ಒಂದು ಗಳಿಗೆ ನಾಚಿಕೆಯೂ ಆಯಿತು.

“ಮೊದ್ಲು ಈ ಅಪಶಕುನ ತೆಗೆಸ್ತೀನಿ ಮೇಡಂ. ನೀವು ಬಾಯ್ಬುಟ್ಟು ಏಳೋದೇ ಬ್ಯಾಡ, ಈ ಉಪಕಾರನಾದ್ರೂ ಮಾಡ್ತೀನಿ. ಲೇ ಮಂಜುನಾಥ, ಏಣಿ ಆಕ್ಲಾ, ಮೇಡಂನ ಇಳಿಸ್ಲಾ!”

ಮಂಜುನಾಥ ಏಣಿ ಹತ್ತಿ ಮೂಲೆಯ ಹಗ್ಗಕ್ಕೆ ಕೈ ಹಾಕಿದ.

“ಬ್ಯಾಡ,” ಎಂದರು ಮೇಡಮ್ಮೋರು.

“ಮೇಡಂ, ಬದುಕಿರೋರಿಗೆ ಶ್ರದ್ಧಾಂಜಲಿ...”

“ನಂಗೇನೂ ತೊಂದ್ರೆ ಇಲ್ಲ ಕಣಪ್ಪ. ಹದಿನೇಳರ ಮಗ್ಗಿ ಗ್ಯಾಪಕ ಐತಾ? ಅದು ಎಲ್ಲಿತ್ತು, ಎಷ್ಟು ದಿನ ಇತ್ತು?”

ನಿಂಗರಾಜುವಿನ ಕಣ್ಣು ತಾನಾಗಿ ಫ್ಲೆಕ್ಸಿನ ಎಡಮೂಲೆಗೆ ಹೋಯಿತು. ಸುತ್ತ ನಿಂತವರೂ ಅತ್ತಲೇ ನೋಡಿದರು. ಓದಲು ಬರುವವರು ಬಾರದವರಿಗೆ ಜೋರಾಗಿ ಓದಿ ಹೇಳಿದರು.

“ನಿನ್ ಕೈಯಾರೆ ಬರ್ಸಿದ್ದೀಯ, ಕೆಳಗೆ ಹೆಸರೂ ಆಕಿದ್ದೀಯ. ಚಾವಣಿ ಆಗ್ಲಿ, ನಾನೇ ಬಂದು ಇಳಿಸ್ತೀನಿ. ಅಲ್ಲೀಗಂಟ ನಾನು ಸತ್ತೇ ಇರ್ತೀನಿ, ಬುಡು.”

ಏಣಿಯ ಮೇಲಿದ್ದ ಮಂಜುನಾಥ ಯಾರ ಮಾತು ಕೇಳುವುದೆಂದು ತಿಳಿಯದೆ ಕೆಳಗೆ ನೋಡಿದ. ಅವನೂ ಅದೇ ಶಾಲೆಯಲ್ಲಿ ಓದಿದವನು.

“ಇಳೀಲಾ,” ಎಂದರು ಮೇಡಮ್ಮೋರು.

ಇಳಿದ.